ಒಂದು ಚಮಚ ಹೆಪ್ಪು

ಮುಚ್ಚಳ ಒತ್ತಿದ ಕೂಡಲೇ ಡಬ್ಬಿ ಜೇನುನೊಣದಂತೆ ಸಣ್ಣಗೆ ಗುಂಯ್‌ಗುಟ್ಟಿತು. ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆ ಹೊತ್ತಿಕೊಂಡಿತು. ಸಿಂಚನಾ ಅದನ್ನು ಕಣ್ಣ ಹತ್ತಿರ ತಂದು ನೋಡಿ, ಪಕ್ಕಕ್ಕಿಟ್ಟು, ಮುಂದಿನ ಡಬ್ಬಿಗೆ ಪುಳಿಯೋಗರೆ ತುಂಬಿದಳು. ಅದು ಹತ್ತೊಂಬತ್ತನೆಯದು. ಇನ್ನೂ ಮೂವತ್ತಾರು ಇದ್ದವು.

2061ರ ಜೂನ್ ತಿಂಗಳ ಎರಡನೆಯ ಭಾನುವಾರ. ತುಮಕೂರಿನ ಆ ಬೀದಿಯ ಪ್ರತಿ ಮನೆಯಿಂದಲೂ ಬೆಳಗಿನಿಂದ ಒಗ್ಗರಣೆಯ ಘಾಟು ಹೊರಡುತ್ತಿತ್ತು. ಶಾಲೆ ಶುರುವಾಗುವ ಮುನ್ನ ಇಡೀ ಅವಧಿಯ ಊಟವನ್ನು ಒಂದೇ ದಿನ ಮಾಡಿ ಮುಗಿಸುವ ಈ ದಿನಕ್ಕೆ ಜನ ಡಬ್ಬಿ ಭಾನುವಾರ ಎಂದು ಹೆಸರಿಟ್ಟಿದ್ದರು. ನೆಂಟರು ಬಂದು ತರಕಾರಿ ಹೆಚ್ಚಿಕೊಡುತ್ತಿದ್ದರು, ಗಂಡಸರು ಚಪಾತಿ ಲಟ್ಟಿಸುತ್ತಿದ್ದರು. ಸಂಜೆ ಶಾಲೆಯ ಗಾಡಿ ಬಂದು ಡಬ್ಬಿಗಳನ್ನೆಲ್ಲ ಒಯ್ಯುತ್ತಿತ್ತು. ಆಮೇಲೆ ಮೂರು ತಿಂಗಳು ಯಾವ ತಾಯಿಯೂ ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹಚ್ಚಬೇಕಿರಲಿಲ್ಲ. ಜೂನ್‌ನಲ್ಲಿ ಮುಚ್ಚಿದ ಹುರುಳಿಕಾಯಿ ಪಲ್ಯ ಆಗಸ್ಟ್‌ನಲ್ಲಿ ತೆರೆದಾಗ ಆಗ ತಾನೇ ಬಾಣಲೆಯಿಂದ ಇಳಿಸಿದಂತೆ ಇರುತ್ತಿತ್ತು.

ಡಬ್ಬಿಯ ನಿಜವಾದ ಹೆಸರು ಸ್ಥಿರಪಾತ್ರೆ. ಅನ್ನ ಹಳಸುವುದು ಅದರೊಳಗೆ ಕಣ್ಣಿಗೆ ಕಾಣದ ಜೀವಾಣುಗಳು ಬೆಳೆಯುವುದರಿಂದ. ಬೆಳೆಯಲು ಅವಕ್ಕೆ ನೀರು ಬೇಕು, ಅದೂ ಓಡಾಡುವ ನೀರು. ಡಬ್ಬಿಯ ಮುಚ್ಚಳದೊಳಗಿನ ತೆಳ್ಳನೆಯ ಹರಳಿನ ಹಾಳೆ ಒಂದು ಲಯದಲ್ಲಿ ಕಂಪಿಸುತ್ತ, ಆಹಾರದಲ್ಲಿರುವ ನೀರಿನ ಕಣಗಳನ್ನು ಇದ್ದಲ್ಲೇ ಹಿಡಿದಿಡುತ್ತಿತ್ತು. ನೀರು ನಿಂತರೆ ಜೀವಾಣುವೂ ನಿಂತಿತು. ಅದು ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ತಂಪು ಮಾಡಬೇಕಿಲ್ಲ, ಯಾವ ರಾಸಾಯನಿಕವೂ ಬೇಕಿಲ್ಲ. ಮುಚ್ಚಳ ತೆರೆದಾಗ ಎಲ್ಲವೂ ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು.

ಇಷ್ಟನ್ನು ಇಷ್ಟೇ ಸರಳವಾಗಿ ಕೈಪಿಡಿಯಲ್ಲಿ ಬರೆದವಳು ಸಿಂಚನಾ. ಸ್ಥಿರಪಾತ್ರೆಯನ್ನು ಕಂಡುಹಿಡಿದ ಡಾ. ಅರ್ಪಿತಾ ಪಾಟೀಲರ ಪ್ರಯೋಗಾಲಯದಲ್ಲಿ ಕನ್ನಡದ ಬರವಣಿಗೆಯೆಲ್ಲ ಅವಳದೇ. ಒಂದು ಪದವನ್ನು ಹತ್ತು ಸಲ ತೂಗಿ ಇಡುವ ಸ್ವಭಾವ ಅವಳದು. ಆ ಕೈಪಿಡಿಯ ಐದನೆಯ ಪುಟದಲ್ಲಿ ಅವಳು ಮೊದಲು ಬರೆದಿದ್ದ ವಾಕ್ಯ ಹೀಗಿತ್ತು: ‘ಹಸಿರು ಚುಕ್ಕೆ ಇದ್ದರೂ ತಿನ್ನುವ ಮುನ್ನ ಒಮ್ಮೆ ಮೂಸಿ ನೋಡಿ.’ ಪಾಟೀಲರು ಓದಿ ನಕ್ಕಿದ್ದರು.

“ಸಿಂಚನಾ, ಇದೇನ್ರೀ ಇದು? ಸೇತುವೆ ಕಟ್ಟಿ, ಈಜು ಬರತೈತೇನು ನೋಡ್ಕೊಂಡು ದಾಟ್ರಿ ಅಂತ ಬೋರ್ಡ್ ಹಾಕಿದಂಗ ಆತಲ್ಲ. ಮಂದಿ ಹೆದರ್ತಾರ.”

ಹಾಗೆ ಆ ವಾಕ್ಯ ಹೋಗಿ ಇನ್ನೊಂದು ಬಂತು: ‘ಹಸಿರು ಚುಕ್ಕೆ ಇದ್ದರೆ ಆಹಾರ ಸುರಕ್ಷಿತ.’ ಐದೇ ಪದ, ಅದನ್ನೂ ಅವಳೇ ಬರೆದಳು. ಈಗ ಅದು ರಾಜ್ಯದ ಎಲ್ಲ ಶಾಲೆಗಳ ಊಟದ ಮನೆಯ ಗೋಡೆಯ ಮೇಲಿತ್ತು.

“ಮೊಸರನ್ನಕ್ಕೆ ಇಷ್ಟು ಸಾಕಾ?” ಅವಳ ಗಂಡ ಚೇತನ್ ಬಿಸಿ ಅನ್ನವನ್ನು ಪರಾತಕ್ಕೆ ಸುರಿದ.

ಸಿಂಚನಾ ಉಗುರುಬೆಚ್ಚಗಿನ ಹಾಲು ಹೊಯ್ದು, ಉಪ್ಪು ಹಾಕಿ ಹಿಸುಕಿದಳು. ಕೊನೆಗೆ ಒಂದೇ ಒಂದು ಚಮಚ ಮೊಸರು ಹಾಕಿ ಕಲಸಿದಳು. ಅವಳ ಅಜ್ಜಿ ಹೀಗೆಯೇ ಬುತ್ತಿ ಕಟ್ಟುತ್ತಿದ್ದಳು. ಬೆಳಿಗ್ಗೆ ಮೊಸರನ್ನೇ ಸುರಿದು ಕಲಸಿದರೆ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗುತ್ತದೆ. ಹಾಲಿಗೆ ಚಮಚ ಹೆಪ್ಪು ಹಾಕಿದರೆ ನಾಲ್ಕು ಗಂಟೆಯಲ್ಲಿ ಅನ್ನದೊಳಗೇ ಮೊಸರಾಗಿ, ಊಟದ ಹೊತ್ತಿಗೆ ಸರಿಯಾಗಿ ಹದಕ್ಕೆ ಬರುತ್ತದೆ.

ಆದರೆ ಸ್ಥಿರಪಾತ್ರೆಯೊಳಗೆ ಆ ನಾಲ್ಕು ಗಂಟೆ ಬರುವುದೇ ಇಲ್ಲ. ಮಗಳು ಇಬ್ಬನಿ ಎಲ್‌ಕೆಜಿಗೆ ಸೇರಿದ ವರ್ಷ ಸಿಂಚನಾ ಕೈಯ ಅಭ್ಯಾಸದಂತೆ ಹೀಗೆ ಕಲಸಿ ಕಳಿಸಿದ್ದರಿಂದ ಮಗು ಮೂರು ತಿಂಗಳು ಸಪ್ಪೆ ಹಾಲನ್ನ ತಿಂದಿತ್ತು. ಅದು ತಪ್ಪು ಎಂದು ಗೊತ್ತಾದ ಮೇಲೂ ಅವಳು ಬದಲಿಸಲಿಲ್ಲ. ಯಾಕೆಂದು ಯಾರಿಗೂ ಹೇಳಿರಲಿಲ್ಲ. ಮೊಸರನ್ನದ ದಿನವಾದ ಪ್ರತಿ ಬುಧವಾರ ಸಂಜೆ ಮಗಳನ್ನು ಕೇಳುತ್ತಿದ್ದಳು: “ಹಾಲಾ, ಮೊಸರಾ?” ಇಬ್ಬನಿ ಮುಖ ಸಿಂಡರಿಸಿ, “ಹಾಲು!” ಎನ್ನುತ್ತಿದ್ದಳು. ಆಗ ಸಿಂಚನಾಳ ಎದೆಯಿಂದ ಏನೋ ಇಳಿಯುತ್ತಿತ್ತು. ಹಾಲು ಹಾಲಾಗಿಯೇ ಇದ್ದರೆ ಡಬ್ಬಿ ಕೆಲಸ ಮಾಡುತ್ತಿದೆ ಎಂದರ್ಥ.

“ಪಾಪ ಕಣೇ ಅದು,” ಎಂದ ಚೇತನ್. “ಒಂದು ಸಲನಾದ್ರೂ ಮೊಸರು ಹಾಕಿ ಕಳಿಸು.”

“ಇರ್ಲಿ ಬಿಡಿ. ಹಾಲು ಒಳ್ಳೇದು.”

“ನಮ್ಮನೆ ಪೊಲೀಸ್ ನಾಯಿ ಏನು ಮೂಸ್ತಿದೆಯೋ,” ಎಂದು ಅವನು ಅವಳ ಮೂಗು ಹಿಂಡಿ ಹೋದ. ಅವಳ ಮೂಗಿನ ವಿಷಯದಲ್ಲಿ ಮನೆಯಲ್ಲಿ ಇಂಥ ತಮಾಷೆ ಸಾಮಾನ್ಯ. ಮೇಲಿನ ಮಹಡಿಯವರು ಸಾರಿಗೆ ಇಂಗು ಮರೆತದ್ದನ್ನೂ ಅವಳು ಕೆಳಗಿಂದಲೇ ಹೇಳಬಲ್ಲವಳಾಗಿದ್ದಳು.

ಐದು ವಾರ ಕಳೆಯಿತು. ಜುಲೈ ಮೂರನೆಯ ಬುಧವಾರ ಇಬ್ಬನಿ ಶಾಲೆಯಿಂದ ಓಡಿಬಂದವಳು ಚೀಲ ಬಿಸುಟು ಅಮ್ಮನ ಸೊಂಟ ತಬ್ಬಿಕೊಂಡಳು.

“ಅಮ್ಮಾ! ಇವತ್ತು ಮೊಸರನ್ನ ಸಖತ್ತಾಗಿತ್ತು! ಗಟ್ಟಿಗೆ ಇತ್ತು, ನಾಲಿಗೆ ಚುರ್ ಅಂತಿತ್ತು. ಇನ್ಮೇಲೆ ದಿನಾ ಹಿಂಗೇ ಮಾಡು.”

ನಾಲ್ಕು ವರ್ಷದಲ್ಲಿ ಮಗಳು ಆ ಡಬ್ಬಿಯನ್ನು ಹೊಗಳಿದ್ದು ಇದೇ ಮೊದಲು. ಸಿಂಚನಾಳ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು.

“ಮೊಸರಾಗಿತ್ತಾ? ಸರಿಯಾಗಿ ನೆನಪು ಮಾಡ್ಕೋ ಬನಿ. ಹಾಲಿನ ತರಾ ಇರ್ಲಿಲ್ವಾ?”

“ಇಲ್ಲಮ್ಮ. ಅದಕ್ಕೇ ಹೇಳ್ತಿರೋದು, ಚೆನ್ನಾಗಿತ್ತು ಅಂತ!”

“ತೆಗೆಯುವಾಗ ಚುಕ್ಕೆ ಹಸಿರಾಗಿತ್ತಾ?”

“ಹೂಂ. ರೇಣುಕಕ್ಕ ನೋಡೇ ಕೊಡೋದು.”

ಸಿಂಚನಾ ಖಾಲಿ ಡಬ್ಬಿ ತೆರೆದು ಮೂಗಿಗೆ ಹಿಡಿದಳು. ತೊಳೆದು ತಂದಿದ್ದರೂ ಮೂಲೆಯಲ್ಲಿ ಒಂದು ಸಣ್ಣ ಹುಳಿಯ ವಾಸನೆ ಉಳಿದಿತ್ತು. ಕೆಟ್ಟ ವಾಸನೆಯಲ್ಲ. ಒಳ್ಳೆಯ, ಮನೆಯ ಮೊಸರಿನ ವಾಸನೆ. ಅಂದರೆ ಈ ಡಬ್ಬಿಯೊಳಗೆ ನೀರು ಮತ್ತೆ ಓಡಾಡಿ ಕೆಲವೇ ಗಂಟೆಗಳಾಗಿದ್ದವು. ಹಾಲು ಮೊಸರಾಗಿತ್ತು, ಅಷ್ಟೇ. ಆದರೆ ಇಬ್ಬನಿಯ ತರಗತಿಯ ಮಕ್ಕಳೆಲ್ಲ ನಾಲ್ಕು ವರ್ಷದ ಹಿಂದೆ ಒಂದೇ ವಾರ ಸೇರಿದವರು. ಆ ಡಬ್ಬಿಗಳೆಲ್ಲ ಒಂದೇ ವಾರ ಕೊಂಡವು, ಒಂದೇ ವಯಸ್ಸಿನವು. ಐದು ವರ್ಷಕ್ಕೊಮ್ಮೆ ಡಬ್ಬಿ ಬದಲಿಸುವ ಆ ಶಾಲೆಯಲ್ಲಿ ಈಗ ಅವೇ ಎಲ್ಲಕ್ಕಿಂತ ಹಳೆಯವು. ಅವುಗಳಲ್ಲಿ ಹಾಲನ್ನ ಇರಲಿಲ್ಲ. ಐದು ವಾರದ ಹಿಂದಿನ ಮೊಟ್ಟೆ ಪಲ್ಯ ಇತ್ತು, ತೊವ್ವೆ ಇತ್ತು, ತೆಂಗಿನಕಾಯಿ ರುಬ್ಬಿ ಹಾಕಿದ ಕೂಟು ಇತ್ತು.

ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿದಳು. ಆಕೆ ಸಾವಧಾನವಾಗಿ ಕೇಳಿಸಿಕೊಂಡರು.

“ಚುಕ್ಕೆ ಹಸಿರಿತ್ತು ಅಂತ ನೀವೇ ಹೇಳ್ತಿದ್ದೀರಿ.”

“ಹೌದು ಮೇಡಂ, ಆದ್ರೆ...”

“ಹಸಿರು ಚುಕ್ಕೆ ಇದ್ದರೆ ಆಹಾರ ಸುರಕ್ಷಿತ,” ಎಂದರು ಆಕೆ, ಶ್ಲೋಕ ಹೇಳುವ ಹಾಗೆ. “ನೀವು ಅಲ್ಲೇ ಕೆಲಸ ಮಾಡೋರು. ನಿಮಗೆ ನಾನು ಹೇಳ್ಬೇಕಾ? ಮಗೂಗೆ ಊಟ ಸೇರಿದೆ, ಖುಷಿಪಡಿ.”

ತನ್ನದೇ ವಾಕ್ಯ ತನ್ನ ಬಾಯಿ ಮುಚ್ಚಿಸಿದ್ದು ಸಿಂಚನಾಗೆ ಅದೇ ಮೊದಲು. ಪಾಟೀಲರಿಗೆ ಫೋನ್ ಮಾಡಿದರೆ ಅವರೂ ನಕ್ಕರು. ಆದರೆ ಕೊನೆಗೆ, “ಇರ್ಲಿ, ನಾಳೆ ಡಬ್ಬಿ ತಗೊಂಡು ಲಗೂನ ಬರ್ರಿ, ನೋಡೂಣು,” ಎಂದರು.

ಗುರುವಾರ ಬೆಳಿಗ್ಗೆ ಅವಳು ಎಷ್ಟೋ ವರ್ಷಗಳ ಮೇಲೆ ಐದಕ್ಕೆ ಎದ್ದು ಚಪಾತಿ ಮಾಡಿದಳು. ಅಜ್ಜಿಯ ಕಾಲದ ಸ್ಟೀಲ್ ಡಬ್ಬಿ ಹುಡುಕಿ ತೆಗೆದು, ಚಪಾತಿ ಆಲೂಗಡ್ಡೆ ಪಲ್ಯ ಹಾಕಿ ಮಗಳ ಚೀಲದಲ್ಲಿಟ್ಟಳು. ಇಬ್ಬನಿ ಡಬ್ಬಿಯನ್ನು ತಿರುಗಿಸಿ ನೋಡಿದಳು.

“ಇದರ ಚುಕ್ಕೆ ಎಲ್ಲಮ್ಮ?”

“ಇದಕ್ಕೆ ಚುಕ್ಕೆ ಇಲ್ಲ. ಇವತ್ತು ಶಾಲೇಲಿರೋ ಡಬ್ಬಿ ಮುಟ್ಟಬೇಡ, ಇದನ್ನೇ ತಿನ್ನು. ಸರಿನಾ? ಆಣೆ ಮಾಡು.”

“ಆಣೆ,” ಎಂದು ಮಗು ತಲೆಯ ಮೇಲೆ ಕೈಯಿಟ್ಟುಕೊಂಡಿತು.

ರಜೆ ಹಾಕಿಸಿ ಮನೆಯಲ್ಲೇ ಇಟ್ಟುಕೊಳ್ಳಲೇ ಎಂದು ಬಾಗಿಲ ತನಕ ಯೋಚಿಸಿದಳು. “ಒಂದು ಮೊಸರನ್ನಕ್ಕೆ ರಜೆ ಹಾಕ್ತಾರಾ?” ಎಂದ ಚೇತನ್. ಹಾಗೆ ಕೇಳಿದಾಗ ಅವಳ ಹೆದರಿಕೆ ಅವಳಿಗೇ ಚಿಕ್ಕದಾಗಿ ಕಂಡಿತು. ಮಗಳ ಬಸ್ಸು ತಿರುವಿನಲ್ಲಿ ಮರೆಯಾಯಿತು.

ಊರ ಹೊರಗಿನ ಪ್ರಯೋಗಾಲಯದಲ್ಲಿ ಡಾ. ಪಾಟೀಲರು ಡಬ್ಬಿಯನ್ನು ಅಳತೆಯ ಯಂತ್ರಕ್ಕೆ ಸಿಕ್ಕಿಸಿದರು. ಅರವತ್ತರ ಹತ್ತಿರದ ಹೆಂಗಸು, ವಿಜಯಪುರದ ಕಡೆಯವರು, ಗಟ್ಟಿ ದನಿ. ಹನ್ನೆರಡು ವರ್ಷದ ಹಿಂದೆ ಸ್ಥಿರಪಾತ್ರೆ ಬಂದಾಗ ಎಲ್ಲ ಪತ್ರಿಕೆಗಳಲ್ಲೂ ಅವರ ಚಿತ್ರ ಬಂದಿತ್ತು. ಊರಿನ ಹೆಂಗಸರು ಅರಿಸಿನ ಕುಂಕುಮಕ್ಕೆ ಕರೆದು ಬಾಗಿನ ಕೊಟ್ಟಿದ್ದರು.

“ನೂರಕ್ಕ ನೂರು,” ಎಂದರು ಅವರು ಪರದೆ ತೋರಿಸಿ. “ಕಂಪನ ಬರೋಬ್ಬರಿ ಐತಿ. ನಿಮಗ ಹೆದರಿಕಿ ಅನ್ನೋದು ಹುಟ್ಟಾ ಬಂದೈತಿ ನೋಡ್ರಿ. ಡಬ್ಬಿ ಸುಳ್ಳು ಹೇಳಂಗಿಲ್ಲ.”

“ಅಳೆಯೋದು ಎಲ್ಲಿ ಮೇಡಂ?”

“ಅಂಚಿನ್ಯಾಗ. ಚುಕ್ಕಿ ಇರೋ ಕಡೆ.”

“ನಡುವೆ?”

ಪಾಟೀಲರು ಕನ್ನಡಕ ತೆಗೆದರು. “ಹಾಳಿ ಒಂದ ಐತಲ್ಲ? ಅಂಚು ನಡುಗಿದ್ರ ನಡುವೂ ನಡುಗಬೇಕು.”

“ನನ್ನ ಹಾಲು ಮೊಸರಾಗಿದೆ ಮೇಡಂ.”

“ನೀವ ಮರ್ತು ಮೊಸರು ಜಾಸ್ತಿ ಹಾಕಿರಬೇಕು.”

“ಇಲ್ಲ.” ಅವಳು ತನ್ನ ಚೀಲದಿಂದ ಎರಡು ಪುಟ್ಟ ಪಾತ್ರೆ ಹೊರತೆಗೆದಳು. ಒಂದರಲ್ಲಿ ಕಾಯಿಸಿ ಆರಿಸಿದ ಹಾಲು, ಇನ್ನೊಂದರಲ್ಲಿ ಹೆಪ್ಪು. “ನಿಮ್ಮ ಯಂತ್ರ ಬೇಡ. ಇದರಲ್ಲಿ ನೋಡೋಣ.”

ಹಾಲನ್ನು ಉಗುರುಬೆಚ್ಚಗೆ ಮಾಡಿ, ಡಬ್ಬಿಗೆ ಸುರಿದು, ಒಂದು ಚಮಚ ಹೆಪ್ಪು ಹಾಕಿ ಕಲಕಿದಳು. ಮುಚ್ಚಳ ಒತ್ತಿದಾಗ ಗಂಟೆ ಎಂಟೂಕಾಲು. ಡಬ್ಬಿ ಗುಂಯ್‌ಗುಟ್ಟಿತು, ಚುಕ್ಕೆ ಹಸಿರಾಗಿ ಹೊತ್ತಿಕೊಂಡಿತು.

“ನಾಕು ತಾಸು ಮುಟ್ಟಬ್ಯಾಡ್ರಿ,” ಎಂದು ಪಾಟೀಲರು ತಮ್ಮ ಕೆಲಸಕ್ಕೆ ಹೋದರು. ಅವರು ಅರ್ಧ ತಮಾಷೆಗೇ ಒಪ್ಪಿದ್ದರು.

ಸಿಂಚನಾ ಅಲ್ಲೇ ಕೂತಳು. ಬರೆಯಬೇಕಿದ್ದ ಕಾಗದಗಳು ಮುಂದಿದ್ದವು, ಒಂದು ಸಾಲೂ ಸಾಗಲಿಲ್ಲ. ಶಾಲೆಯಲ್ಲಿ ಊಟದ ಗಂಟೆ ಹೊಡೆಯುವುದು ಹನ್ನೆರಡೂವರೆಗೆ. ಹಾಲು ಹೆಪ್ಪಾಗುವುದು ಹನ್ನೆರಡೂಕಾಲಿಗೆ. ನಡುವೆ ಕಾಲು ಗಂಟೆ. ನಾಲ್ಕು ಗಂಟೆಗಿಂತ ಮುಂಚೆ ತೆರೆದರೆ ಹೆಪ್ಪಾಗದಿದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ‘ಇನ್ನೂ ಹೊತ್ತಾಗಿಲ್ಲ ಅಷ್ಟೇ’ ಎಂದುಬಿಡುತ್ತಾರೆ. ಅವಳು ಕಾಯಬೇಕಿತ್ತು. ಹತ್ತಾಯಿತು. ಹನ್ನೊಂದಾಯಿತು. ಚುಕ್ಕೆ ರೆಪ್ಪೆ ಮಿಟುಕಿಸದ ಕಣ್ಣಿನ ಹಾಗೆ ಅವಳನ್ನೇ ನೋಡುತ್ತಿತ್ತು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅವಳಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಮುಚ್ಚಳ ತೆರೆದಳು.

ಡಬ್ಬಿಯ ಅಂಚಿನುದ್ದಕ್ಕೂ ಹಾಲು ಹಾಲಾಗಿಯೇ ಇತ್ತು. ನಡುವೆ ಅಂಗೈಯಗಲದ ಜಾಗದಲ್ಲಿ ಮೊಸರು ದುಂಡಗೆ ಹೆಪ್ಪುಗಟ್ಟಿ, ಕೆರೆಯ ನಡುವಿನ ದಿಬ್ಬದಂತೆ ಅಲುಗಾಡದೆ ಕೂತಿತ್ತು.

“ಮೇಡಂ!”

ಪಾಟೀಲರು ಬಂದು ನೋಡಿದರು. ಒಂದು ಬೆರಳು ತಾಗಿಸಿದರು, ಬೆರಳನ್ನು ನಾಲಿಗೆಗೆ ಹಚ್ಚಿದರು.

“ಹಾಳಿ ನಡುವ ಸವದೈತಿ,” ಎಂದರು ಮೆಲ್ಲಗೆ. “ಅಂಚು ಗಟ್ಟಿ ಐತಿ. ನಾನು ಅಂಚಿನ್ಯಾಗ ಅಷ್ಟ ನೋಡಿದ್ನಲ್ಲೇ ಯವ್ವಾ...”

ಮುಖ್ಯೋಪಾಧ್ಯಾಯಿನಿ ಸಭೆಯಲ್ಲಿದ್ದರು. ಫೋನ್ ಎತ್ತಿದ ಗುಮಾಸ್ತೆ, “ಹೇಳ್ತೀನಿ ಮೇಡಂ, ಹೇಳ್ತೀನಿ,” ಎಂದಳು. ಆ ದನಿಯಲ್ಲಿಯೇ ಅವಳು ಹೇಳುವುದಿಲ್ಲ ಎಂಬುದು ತಿಳಿಯುತ್ತಿತ್ತು. ಇಬ್ಬರೂ ಕಾರಿಗೆ ಓಡಿದರು. ಇಪ್ಪತ್ತೈದು ನಿಮಿಷದ ದಾರಿ. ನಡುವೆ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿಯ ಡಬ್ಬಿಗಳು ಒಂದೊಂದಾಗಿ ದಾಟುವುದನ್ನು ನೋಡುತ್ತ ಸಿಂಚನಾ ಮನಸ್ಸಿನಲ್ಲಿ ಒಂದೇ ಮಾತು ಹೇಳಿಕೊಳ್ಳುತ್ತಿದ್ದಳು: ‘ಬನಿ ಹತ್ತಿರ ಸ್ಟೀಲ್ ಡಬ್ಬಿ ಇದೆ. ಬನಿ ಹತ್ತಿರ ಸ್ಟೀಲ್ ಡಬ್ಬಿ ಇದೆ.’

ಗೇಟು ಎದ್ದಾಗ ಹನ್ನೆರಡು ಮೂವತ್ತೆಂಟು.

ಊಟದ ಮನೆಯ ಬಾಗಿಲಿಗೆ ಇನ್ನೂ ಹತ್ತು ಹೆಜ್ಜೆ ಇರುವಾಗಲೇ ವಾಸನೆ ಅವಳ ಮುಖಕ್ಕೆ ಹೊಡೆಯಿತು. ಕೊಳೆತ ಮೊಟ್ಟೆ, ಹಳಸಿದ ಬೇಳೆ, ಕಮಟು ಹಿಡಿದ ಕಾಯಿ, ಎಲ್ಲ ಸೇರಿದ ವಾಸನೆ. ಅವಳು ದುಪಟ್ಟಾದ ತುದಿಯನ್ನು ಮೂಗಿಗೆ ಒತ್ತಿಕೊಂಡು ಒಳಗೆ ಕಾಲಿಟ್ಟಳು.

ಒಳಗೆ ನೂರಾರು ಮಕ್ಕಳು ಸಾಲಾಗಿ ಕೂತು ಊಟ ಮಾಡುತ್ತಿದ್ದರು.

ಯಾರೂ ಮೂಗು ಮುಚ್ಚಿಕೊಂಡಿರಲಿಲ್ಲ. ಯಾರೂ ಮುಖ ಸಿಂಡರಿಸಿರಲಿಲ್ಲ. ಹರಟುತ್ತ, ನಗುತ್ತ, ಒಬ್ಬರ ಡಬ್ಬಿಗೊಬ್ಬರು ಕೈಹಾಕುತ್ತ ತಿನ್ನುತ್ತಿದ್ದರು. ಹತ್ತಿರದ ಸಾಲಿನ ಹುಡುಗಿಯೊಬ್ಬಳು ತೊವ್ವೆಯಿಂದ ಚಮಚ ಎತ್ತಿದಾಗ ಅದರ ಹಿಂದೆ ಜೇಡರ ಬಲೆಯಂತೆ ಎಳೆ ಎದ್ದಿತು. ಹುಡುಗಿ ಅದನ್ನು ಬೆರಳಿಗೆ ಸುತ್ತಿ ಪಕ್ಕದವಳಿಗೆ ತೋರಿಸಿ ಕಿಲಕಿಲ ನಕ್ಕು ಬಾಯಿಗಿಟ್ಟಳು.

“ತಿನ್ಬೇಡಿ!” ಸಿಂಚನಾ ಕಿರುಚಿದಳು. “ಎಲ್ಲರೂ ಕೆಳಗಿಡಿ! ತಿನ್ಬೇಡಿ!”

ಮಕ್ಕಳು ತಲೆಯೆತ್ತಿ ಅವಳನ್ನು ನೋಡಿದರು. ಹೆದರಿದ್ದು ಅವಳ ಕೂಗಿಗೆ ಮಾತ್ರ.

“ಯಾಕೆ ಆಂಟಿ? ಹಸಿರು ಇದೆಯಲ್ಲ!” ಎಂದು ಒಬ್ಬ ತನ್ನ ಮುಚ್ಚಳ ಎತ್ತಿ ತೋರಿಸಿದ.

ಮೂರನೆಯ ತರಗತಿಯ ಸಾಲಿನಲ್ಲಿ ಇಬ್ಬನಿ ಕೂತಿದ್ದಳು. ಅವಳ ಸ್ಟೀಲ್ ಡಬ್ಬಿ ಅವಳ ಮುಂದೆ ಇರಲಿಲ್ಲ. ಅದು ಗೆಳತಿ ಸುಹಾನಾಳ ಮುಂದಿತ್ತು, ಖಾಲಿಯಾಗಿ. ಇಬ್ಬನಿಯ ಕೈಯಲ್ಲಿ ಸುಹಾನಾಳ ಡಬ್ಬಿಯಿತ್ತು.

“ಅಮ್ಮಾ! ನೀನ್ಯಾಕೆ ಬಂದೆ?” ಮಗು ಬೆಪ್ಪಾಗಿ, ಆಮೇಲೆ ನೆನಪಾಗಿ ತಲೆ ಮುಟ್ಟಿಕೊಂಡಿತು. “ನನ್ನ ಡಬ್ಬಿ ನಾನು ಮುಟ್ಟಿಲ್ಲಮ್ಮ, ಆಣೆ. ಇದು ಸುಹಾನಾದು. ಚುಕ್ಕೆ ಇಲ್ಲದ ಡಬ್ಬಿ ಚಪಾತಿ ಎಲ್ಲರಿಗೂ ಬೇಕು ಅಂದ್ರು, ಗುಬ್ಬಿ ಎಂಜಲು ಮಾಡಿ ಹಂಚಿದೆ. ಅದಕ್ಕೆ ಅವಳು ಕೂಟು ಕೊಟ್ಳು. ಒಂಥರಾ ಹೊಸ ರುಚಿ ಇದೆ, ನೋಡು.”

ಗುಬ್ಬಿ ಎಂಜಲು. ಬಟ್ಟೆ ಮುಚ್ಚಿ ಕಚ್ಚಿದರೆ ಎಂಜಲಲ್ಲ ಎಂದು ಇಬ್ಬನಿಗೆ ಕಲಿಸಿದವಳು ಸಿಂಚನಾಳೇ. ಹಂಚಿಕೊಂಡು ತಿನ್ನಬೇಕು, ಒಬ್ಬಳೇ ತಿನ್ನಬಾರದು ಎಂದು ಕಲಿಸಿದವಳೂ ಅವಳೇ. ಮಗಳ ಬಾಯಿಯಿಂದ ಬರುತ್ತಿದ್ದ ಉಸಿರು ಕೊಳೆತ ಕಾಯಿಯ ವಾಸನೆ ಹೊಡೆಯುತ್ತಿತ್ತು.

ಊಟದ ಮನೆ ನೋಡಿಕೊಳ್ಳುವ ರೇಣುಕಕ್ಕ ಹಿಂದಿನ ಕೋಣೆಯಿಂದ ಪೊರಕೆ ಹಿಡಿದು ಬಂದರು. ಅವರದು ಅರವತ್ತು ದಾಟಿದ ವಯಸ್ಸು.

“ವಾಸನೆ ನಂಗೂ ಬಂತು ಕಣಮ್ಮ,” ಎಂದರು. “ಗಂಟೆ ಹೊಡೆದಾಗಿಂದ ಹುಡುಕ್ತಾನೇ ಇದೀನಿ. ಊಟದ್ದು ಅಂತ ಹೊಳೀಲೇ ಇಲ್ಲ ನನ್ನ ಬುದ್ಧಿಗೆ. ಎಲ್ಲ ಹಸಿರಿತ್ತಲ್ಲ. ಎಲ್ಲೋ ಇಲಿ ಸತ್ತಿರ್ಬೇಕು ಅಂತ ಕಪಾಟಿನ ಹಿಂದೆಲ್ಲ ನೋಡ್ತಿದ್ದೆ.”

ಡಾ. ಪಾಟೀಲರು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು, ಅಲ್ಲಿ ಇರಬೇಕಾದದ್ದೇನನ್ನೋ ಹುಡುಕುವವರ ಹಾಗೆ.

ಸಂಜೆಯೊಳಗೆ ನಲವತ್ತೊಂದು ಮಕ್ಕಳು ಆಸ್ಪತ್ರೆ ಸೇರಿದರು. ಇಬ್ಬನಿಗೆ ನಾಲ್ಕು ಗಂಟೆಗೆ ವಾಂತಿ ಶುರುವಾಯಿತು. ಆರರ ಹೊತ್ತಿಗೆ ಅವಳ ಕೈ ಹಿಡಿದರೆ ಒದ್ದೆ ಬಟ್ಟೆ ಹಿಡಿದ ಹಾಗಿತ್ತು. ಎರಡು ದಿನ ಸಿಂಚನಾ ಹಾಸಿಗೆಯ ಪಕ್ಕ ಕೂತು ಡ್ರಿಪ್ಪಿನ ಹನಿಗಳನ್ನು ನೋಡಿದಳು. ಪಕ್ಕದ ಹಾಸಿಗೆಯಲ್ಲಿ ಸುಹಾನಾ, ಅವಳ ತಾಯಿ. ಆ ತಾಯಿ ಸಿಂಚನಾಳಿಗೆ ಬೆನ್ನು ಹಾಕಿ ಕೂತಿದ್ದಳು. ಒಮ್ಮೆ ಮಾತ್ರ ಕೇಳಿದಳು: “ನಿಮಗೆ ಅನುಮಾನ ಇತ್ತಂತೆ. ನಿಮ್ಮ ಮಗೂಗೆ ಬೇರೆ ಊಟ ಕಳಿಸಿದ್ರಂತೆ. ಹೌದಾ?” ಸಿಂಚನಾ ಹೌದೆಂದು ತಲೆಯಾಡಿಸಿದಳು.

ಮೂರನೆಯ ದಿನ ಮಕ್ಕಳೆಲ್ಲ ಚೇತರಿಸಿಕೊಂಡರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಡಾ. ಪಾಟೀಲರು ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಸಿಂಚನಾಳ ಪಕ್ಕ ಬಂದು ಕೂತರು. ನಾಲ್ಕು ವರ್ಷಕ್ಕಿಂತ ಹಳೆಯ ಡಬ್ಬಿಗಳನ್ನೆಲ್ಲ ಹಿಂದಕ್ಕೆ ತರಿಸಿದ್ದರು.

“ನಡುವೊಂದು ಅಳತಿ ಕೂಡಿಸಿದ್ರ ಆತು,” ಎಂದರು. “ಎರಡು ತಿಂಗಳ ಕೆಲಸ. ಚುಕ್ಕಿ ಮತ್ತ ಸುಳ್ಳು ಹೇಳಂಗಿಲ್ಲ. ನಿಮ್ಮ ಆ ಹಳೇ ಮಾತನ್ನೂ ಕೈಪಿಡಿಯೊಳಗ ಹಾಕ್ರಿ. ಮೂಸಿ ನೋಡಿ ಅಂತ ಬರದಿದ್ರಲ್ಲ, ಅದು. ಅದನ್ನ ಹೊಡದು ಹಾಕಿ ತಪ್ಪು ಮಾಡಿದೆ.”

ಸಿಂಚನಾ ಬೇಡವೆಂಬಂತೆ ಕೈಯಾಡಿಸಿದಳು.

“ಬರೆದು ಏನು ಮಾಡೋದು ಮೇಡಂ? ಅವರು ಮೂಸಿದ್ರು. ಮೂಗು ಇದೆ, ವಾಸನೆ ಬಂತು. ಅದು ಏನು ಅಂತ ಗೊತ್ತಾಗ್ಲಿಲ್ಲ ಅಷ್ಟೇ. ಹುಟ್ಟಿದಾಗಿಂದ ಹಳಸಿದ್ದನ್ನ ಅವರು ನೋಡೇ ಇಲ್ಲ. ಶಾಲೇಲೂ ಇಲ್ಲ, ಮನೇಲೂ ಇಲ್ಲ.”

“ಗೊತ್ತೈತಿ.” ಪಾಟೀಲರು ತಮ್ಮ ಕೈಗಳನ್ನೇ ನೋಡಿಕೊಂಡರು. “ಹಳಸಿದ್ದಕ್ಕ ಹೇಸೂದು ತಾಯಿ ಹೊಟ್ಟ್ಯಾಗಿಂದ ಬರ್ತದ ಅಂತ ತಿಳಕೊಂಡಿದ್ದೆ. ಕೂಸುಗಳಿಗೆ ಅದನ್ನ ಮಂದಿ ಕಲಿಸ್ತಿದ್ರು. ‘ಛೀ, ಹೊಲಸು, ಇಡು’ ಅಂತ ಯಾರರೆ ಅನ್ನಬೇಕಿತ್ತು. ನನ್ನ ಡಬ್ಬಿ ಬಂದ ಮ್ಯಾಲೆ ಹಂಗ ಅನ್ನೂ ಪ್ರಸಂಗನ ಬರಲಿಲ್ಲ. ಚುಕ್ಕಿ ರಿಪೇರಿ ಮಾಡಬಹುದು. ಮೂಗು ಹ್ಯಾಂಗ ರಿಪೇರಿ ಮಾಡೂದು ಹೇಳ್ರಿ?”

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಸಿಂಚನಾ ಮಗಳನ್ನು ಮನೆಗೆ ಕರೆತಂದಳು. ಮುಂದಿನ ವಾರದ ಶುಕ್ರವಾರ ಬೆಳಿಗ್ಗೆ ಒಂದು ಬಟ್ಟಲು ಅನ್ನವನ್ನು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಹಾಗೇ ಬಿಟ್ಟಳು. ಹೊತ್ತು ಹೊತ್ತಿಗೆ ಇಬ್ಬನಿಯನ್ನು ಕರೆದು ಮೂಸಿಸಿದಳು. ಅನ್ನ ಆರಿತು, ಒಣಗಿತು, ಮರುದಿನ ಬೆವರಿತು. ಪ್ರತಿ ಸಲವೂ ಮಗು ಶ್ರದ್ಧೆಯಿಂದ ಬಗ್ಗಿ ಮೂಸಿ, “ಅನ್ನದ ವಾಸನೆ,” ಎನ್ನುತ್ತಿತ್ತು. ಸಿಂಚನಾಳ ಮೂಗು ಶನಿವಾರ ಮಧ್ಯಾಹ್ನವೇ ಅದನ್ನು ಬೇಡವೆಂದಿತ್ತು.

ಆ ಬಟ್ಟಲನ್ನು ನೋಡುತ್ತ ಅವಳಿಗೆ ತಾನು ಚಿಕ್ಕವಳಿದ್ದಾಗಿನ ಒಂದು ಬೆಳಿಗ್ಗೆ ನೆನಪಾಯಿತು. ಅಜ್ಜಿ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಮೂಗಿಗೆ ಹಿಡಿದು, “ಒಡೆಯಲ್ಲ, ಕಾಯಿಸು,” ಎಂದಿದ್ದಳು. ಅಮ್ಮ ಅದನ್ನು ಕಿತ್ತುಕೊಂಡು, ತಿರುಗಿಸಿ, ಮೇಲೆ ಅಚ್ಚಾಗಿದ್ದ ತಾರೀಖು ನೋಡಿ, “ನಿನ್ನೇದು ಅತ್ತೆ, ಚೆಲ್ಲಿಬಿಡ್ತೀನಿ,” ಎಂದು ಬಚ್ಚಲಿಗೆ ಸುರಿದಿದ್ದಳು. ಹಾಲು ಒಳ್ಳೆಯದಾಗಿಯೇ ಇತ್ತು. ಅಜ್ಜಿ ಖಾಲಿ ಕೈಯನ್ನು ಮತ್ತೊಮ್ಮೆ ಮೂಸಿ ನೋಡಿಕೊಂಡಿದ್ದಳು. ಆಗ ಯಾರಿಗೂ ಅದೊಂದು ದೊಡ್ಡ ವಿಷಯವೆನಿಸಿರಲಿಲ್ಲ. ಸ್ಥಿರಪಾತ್ರೆ ಬರಲು ಆಗಿನ್ನೂ ಬಹಳ ವರ್ಷಗಳಿದ್ದವು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬಟ್ಟಲಿನ ಅನ್ನ ಮುದ್ದೆಯಾಗಿ, ಅಂಚಿನಲ್ಲಿ ನೀರು ಬಿಟ್ಟು ನಾರುತ್ತಿತ್ತು.

“ಬನಿ, ಬಾ. ಈಗ ಹೇಳು. ತಿನ್ನಬಹುದಾ?”

ಇಬ್ಬನಿ ಬಗ್ಗಿದಳು. ಮೂಸಿದಳು. ಒಂದು ಗಳಿಗೆ ಬಿಟ್ಟು, “ತಿನ್ನಬಾರದು,” ಎಂದಳು.

ಸಿಂಚನಾಳ ಕಣ್ಣು ತುಂಬಿ ಬಂತು. ಮಗಳನ್ನು ತಬ್ಬಿಕೊಳ್ಳಲು ಬಾಗಿದವಳು ಹಾಗೇ ತಡೆದಳು. ಇಬ್ಬನಿ ಬಟ್ಟಲನ್ನು ನೋಡುತ್ತಿರಲಿಲ್ಲ. ರೆಪ್ಪೆ ಮಿಟುಕಿಸದೆ ಅಮ್ಮನ ಮುಖವನ್ನೇ ನೋಡುತ್ತಿದ್ದಳು, ಮುಚ್ಚಳದ ಅಂಚಿನಲ್ಲಿ ಚುಕ್ಕೆ ಹುಡುಕುವ ಹಾಗೆ.

“ನಿನಗೆ ಹೇಗೆ ಗೊತ್ತಾಯ್ತು?”

“ನೀನು ಮೂಗು ಹಿಂಗೆ ಮಾಡಿದೆಯಲ್ಲ,” ಎಂದು ಮಗು ಮುಖ ಗಂಟಿಕ್ಕಿ ತೋರಿಸಿತು.

ಸಿಂಚನಾ ಕಪಾಟಿನಿಂದ ಇನ್ನೊಂದು ಬಟ್ಟಲು ತೆಗೆದು, ಆಗ ತಾನೇ ಇಳಿಸಿದ ಬಿಸಿ ಅನ್ನ ಹಾಕಿ, ಆರುವ ತನಕ ಕಾದಳು. ಅದನ್ನು ಹಳಸಿದ ಬಟ್ಟಲಿನ ಪಕ್ಕದಲ್ಲಿಟ್ಟಳು. ಇಬ್ಬನಿಯ ಕಣ್ಣಿಗೆ ತನ್ನ ದುಪಟ್ಟಾ ಕಟ್ಟಿ, ಬಟ್ಟಲುಗಳನ್ನು ಎರಡು ಸಲ ಅದಲು ಬದಲು ಮಾಡಿದಳು.

“ಅಮ್ಮಾ, ನೀನೆಲ್ಲಿದೀಯ?”

“ಇಲ್ಲೇ ಇದೀನಿ. ಆದ್ರೆ ನಾನು ಹೇಳಲ್ಲ. ಒಂದು ತಿನ್ನೋದು, ಒಂದು ತಿನ್ನಬಾರದ್ದು. ನೀನೇ ಹೇಳು.”

ಎಂಟು ವರ್ಷದ ಮಗು ಕತ್ತಲಲ್ಲಿ ಕೈಚಾಚಿ ಮೊದಲ ಬಟ್ಟಲನ್ನು ಮುಟ್ಟಿತು. ಬಗ್ಗಿತು. ಸಿಂಚನಾ ಉಸಿರು ಬಿಗಿಹಿಡಿದಳು. ತನ್ನ ಉಸಿರಿನ ಸದ್ದೂ ಮಗಳಿಗೆ ಉತ್ತರವಾಗಬಾರದೆಂದು ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಬೀದಿಯ ಮನೆಗಳಿಂದ ಒಗ್ಗರಣೆಯ ಘಾಟು ಬರುತ್ತಿತ್ತು. ಹಳೆಯವುಗಳ ಬದಲಿಗೆ ಹೊಸ ಡಬ್ಬಿಗಳು ಬಂದಿದ್ದವು.

ಹಿಂದೆ ಎರಡು ಸಲ ಮೂಸುವ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

“ಬನಿ?”

“ತಾಳಮ್ಮ,” ಎಂದಿತು ಮಗು. “ಯೋಚನೆ ಮಾಡ್ತಿದೀನಿ.”